ಇಂಗ್ಲಿಷಿನ ದೊಡ್ಡ ಪದಗಳು ಮತ್ತು ನಮ್ಮೂರಿನ ಮಕ್ಕಳು

(ಸುವರ್ಣ ಮಹೋತ್ಸವದ ಅಂಗವಾಗಿ ವಿದ್ಯಾರ್ಥಿಗಳು, ಪಾಲಕರು ಮತ್ತು ಹಳೆ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ. ಭಾಷಣಕಾರರು ಶಾಲೆಯ ಹಳೆ ವಿದ್ಯಾರ್ಥಿ, ಬಿ.ಇ. ಪದವೀಧರರು, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.)



ಪ್ರೌಢಶಾಲೆಯ ಮಕ್ಕಳು ಇಂಗ್ಲಿಷಿನ ಉನ್ನತ ಶಬ್ದಸಂಪತ್ತನ್ನು ಬೆಳೆಸಿಕೊಳ್ಳುವುದು ಹೇಗೆ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಮಿತಿಯವರು ಹೇಳಿದಾಗ ನಾನು ಸ್ವಲ್ಪ ಹಿಂಜರಿದೆ. ನಾನು ಇಂಗ್ಲಿಷ್ ಮೇಷ್ಟ್ರಲ್ಲ. ಕಂಪ್ಯೂಟರ್ ಮುಂದೆ ಕೂತು ದುಡಿಯುವವನು. ನಮ್ಮ ಕಾಲದಲ್ಲಿ ಸರ್ಕಾರಿ ಶಾಲೆಯಲ್ಲಿ ಎ ಬಿ ಸಿ ಡಿ ಶುರುವಾಗುತ್ತಿದ್ದದ್ದೇ 5ನೇ ತರಗತಿಯಲ್ಲಿ. 1ನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ. ಅಷ್ಟರಲ್ಲಿ ನಾವೆಲ್ಲ ಇಲ್ಲಿಂದ ಹೊರಗೆ ಹೋಗಿಯಾಗಿತ್ತು. ಹಾಗಾಗಿ ಪಂಡಿತನಾಗಿ ನಿಮ್ಮ ಮುಂದೆ ನಿಲ್ಲಲು ನನ್ನಿಂದ ಆಗದು. ಇಂಗ್ಲಿಷ್ ಪದ ಗೊತ್ತಿಲ್ಲದೆ ಪೆಟ್ಟು ತಿಂದು, ಆಮೇಲೆ ನಿಧಾನಕ್ಕೆ ದಾರಿ ಕಂಡುಕೊಂಡ ಒಬ್ಬನಾಗಿ ನಾಲ್ಕು ಮಾತು ಹೇಳುತ್ತೇನೆ.

ಹೋದ ತಿಂಗಳು ನನ್ನ ಗೆಳೆಯನೊಬ್ಬ ಫೋನ್ ಮಾಡಿದ. ಅವನ ಹೆಸರು ಹೇಳುವುದಿಲ್ಲ, ಅವನೇ ಬೇಡ ಅಂದಿದ್ದಾನೆ. ಈ ಶಾಲೆಯಲ್ಲಿ ಮೂರು ವರ್ಷ ನನ್ನ ಪಕ್ಕದಲ್ಲೇ ಕೂತವನು. ಅವನ ಮಗಳು ಈಗ ಇಲ್ಲೇ 8ನೇ ತರಗತಿ. ಫೋನಿನಲ್ಲಿ ಅವನು ಹೇಳಿದ್ದು ಇಷ್ಟು: "ಇಂಗ್ಲಿಷಿನ್ ದೊಡ್ಡ್ ದೊಡ್ಡ್ ಶಬ್ದ ಇಪ್ಪು ಪುಸ್ತಕ ಒಂದ್ ಕಳ್ಸ್ ಮಾರಾಯ. ನಂಗ್ ಆದ್ ಹಾಂಗ್ ಅದ್ಕ್ ಆಪ್ಕಾಗ."

ನಂಗ್ ಆದ್ ಹಾಂಗ್ ಅಂದರೆ ಏನು ಎಂಬುದು ನನಗೆ ಮಾತ್ರ ಗೊತ್ತು. ಅದನ್ನು ಇವತ್ತು ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಅವನಿಗೆ ನನಗಿಂತ ಹೆಚ್ಚು ಅಂಕ. ಇಬ್ಬರೂ ಒಟ್ಟಿಗೆ ಕುಂದಾಪುರಕ್ಕೆ ಬಸ್ಸಿನಲ್ಲಿ ಹೋಗಿ ಪಿಯುಸಿ ವಿಜ್ಞಾನಕ್ಕೆ ಸೇರಿದೆವು. ಅಲ್ಲಿ ಎಲ್ಲವೂ ಇಂಗ್ಲಿಷ್. ಮೊದಲ ಪರೀಕ್ಷೆಯ ಭೌತಶಾಸ್ತ್ರದಲ್ಲಿ ಒಂದು ಲೆಕ್ಕ ಬಂತು. ಇಳಿಜಾರು ಹಲಗೆಯ ಮೇಲೆ ಒಂದು ದಿಮ್ಮಿ ಜಾರುತ್ತಿದೆ, ಅದರ ವೇಗೋತ್ಕರ್ಷ ಕಂಡುಹಿಡಿಯಿರಿ. ಲೆಕ್ಕ ಇಬ್ಬರಿಗೂ ಬರುತ್ತಿತ್ತು. ಆದರೆ ಕೊನೆಯಲ್ಲಿ ಒಂದು ಸಾಲು ಇತ್ತು, ಘರ್ಷಣೆ 'ನೆಗ್ಲಿಜಿಬಲ್' ಅಂತ. ನೆಗ್ಲಿಜಿಬಲ್ ಅಂದರೆ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲದಷ್ಟು ಕಡಿಮೆ, ನಗಣ್ಯ. ನಮಗೆ ಅದು ಗೊತ್ತಿರಲಿಲ್ಲ. ಘರ್ಷಣೆಯ ವಿಷಯ ಏನೋ ಹೇಳಿದ್ದಾರೆ, ಹಾಗಾದರೆ ಘರ್ಷಣೆಯ ಗುಣಾಂಕ ಬೇಕು, ಅದು ಪ್ರಶ್ನೆಯಲ್ಲಿ ಇಲ್ಲ, ಪ್ರಶ್ನೆಪತ್ರಿಕೆಯಲ್ಲೇ ತಪ್ಪಿದೆ ಅಂತ ತೀರ್ಮಾನಿಸಿ ಇಬ್ಬರೂ ಲೆಕ್ಕ ಬಿಟ್ಟೆವು. ಹೊರಗೆ ಬಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡೆವು. ಲೆಕ್ಕವನ್ನು ಸುಲಭ ಮಾಡಲಿಕ್ಕೆಂದೇ ಹಾಕಿದ್ದ ಪದ ನಮಗೆ ಮಾತ್ರ ಗೋಡೆಯಾಯಿತು.

ಆ ವರ್ಷ ಇಬ್ಬರದ್ದೂ ಫಲಿತಾಂಶ ಕೆಟ್ಟಿತು. ನಮ್ಮ ಮನೆಯಲ್ಲಿ ಇನ್ನೊಂದು ವರ್ಷ ಕಾಯುವ ಶಕ್ತಿ ಇತ್ತು. ಅವನ ಮನೆಯಲ್ಲಿ ಇರಲಿಲ್ಲ. ಅವನು ಬೆಂಗಳೂರಿಗೆ ಹೋಟೆಲ್ ಕೆಲಸಕ್ಕೆ ಹೋದ. ಇವತ್ತು ಅವನು ಸ್ವಂತ ವ್ಯಾಪಾರ ಮಾಡಿಕೊಂಡು ಚೆನ್ನಾಗಿಯೇ ಇದ್ದಾನೆ. ಆದರೆ ಓದು ನಿಲ್ಲಿಸಿದ್ದು ಅವನ ಆಯ್ಕೆಯಾಗಿರಲಿಲ್ಲ. ನಾನು ಇಂಜಿನಿಯರ್ ಆದೆ, ಅವನು ಆಗಲಿಲ್ಲ ಎಂಬುದಕ್ಕೆ ಬುದ್ಧಿಯ ವ್ಯತ್ಯಾಸ ಕಾರಣವಲ್ಲ. ಇದನ್ನು ಈ ಮೈಕಿನ ಮುಂದೆ ಒಮ್ಮೆ ಹೇಳಬೇಕು ಅಂತ ಬಹಳ ವರ್ಷದಿಂದ ಇತ್ತು.

ಇನ್ನು ಅವನು ಕೇಳಿದ ಪುಸ್ತಕದ ವಿಷಯ. ಅಂಥ ಪುಸ್ತಕ ಒಂದು ಕಾಲದಲ್ಲಿ ನಾನೂ ಕೊಂಡಿದ್ದೆ. ಬಿ.ಇ. ಎರಡನೇ ವರ್ಷದಲ್ಲಿ, ಕ್ಯಾಂಪಸ್ ಸಂದರ್ಶನಕ್ಕೆ ಬೇಕಾಗುತ್ತದೆ ಅಂತ, ಫುಟ್‌ಪಾತಿನಿಂದ ಇಟ್ಟಿಗೆಯಷ್ಟು ದಪ್ಪದ ಪದಪಟ್ಟಿ ತಂದೆ. ದಿನಕ್ಕೆ ಐವತ್ತು ಪದ ಬಾಯಿಪಾಠ. 'ಎ' ಅಕ್ಷರದ ಪದಗಳೆಲ್ಲ ಆದವು, 'ಬಿ' ಅರ್ಧಕ್ಕೆ ಬಂದಾಗ 'ಎ' ಪೂರ್ತಿ ಮರೆತುಹೋಗಿತ್ತು. 'ಸಿ' ಅಕ್ಷರವನ್ನು ನಾನು ನೋಡಲೇ ಇಲ್ಲ. ಉಳಿದ ಒಂದೆರಡು ಪದಗಳನ್ನು ಒಂದು ಸೆಮಿನಾರಿನಲ್ಲಿ ಬಳಸಿ ನಗೆಪಾಟಲಾದೆ. ಅರ್ಥ ಸರಿ ಇತ್ತು, ಜಾಗ ಸರಿ ಇರಲಿಲ್ಲ. ಮದುವೆ ಮನೆಗೆ ಕಂಬಳಿ ಹೊದ್ದುಕೊಂಡು ಹೋದ ಹಾಗೆ.

ಹಾಗಾದರೆ ಪ್ರೌಢಶಾಲೆಯ ಮಕ್ಕಳಿಗೆ ಯಾವ ಪದ ಬೇಕು? ಈ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಹುಡುಕಿದವರಿದ್ದಾರೆ. ಮೈಕೆಲ್ ವೆಸ್ಟ್ ಎಂಬ ಇಂಗ್ಲಿಷ್ ಶಿಕ್ಷಣತಜ್ಞ ಢಾಕಾದಲ್ಲಿ ಕೆಲಸ ಮಾಡಿದವನು, ಬಂಗಾಳದ ಮಕ್ಕಳಿಗಾಗಿ ಓದುವ ಪುಸ್ತಕಗಳನ್ನು ಬರೆದವನು. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಸುಮಾರು 2000 ಪದಗಳ ಪಟ್ಟಿಯನ್ನು ಅವನು 1953ರಲ್ಲಿ ಪ್ರಕಟಿಸಿದ. ಗೋ, ಕಮ್, ವಾಟರ್, ಹೌಸ್ ತರಹದ ನಿತ್ಯದ ಪದಗಳು. ಅದರ ಮೇಲಿನ ಮೆಟ್ಟಿಲನ್ನು ಕಟ್ಟಿದವರು ನ್ಯೂಜಿಲೆಂಡಿನ ಏವರಿಲ್ ಕಾಕ್ಸ್‌ಹೆಡ್. ಕಾನೂನು, ವಿಜ್ಞಾನ, ವಾಣಿಜ್ಯ, ಕಲೆ ಹೀಗೆ ಎಲ್ಲ ವಿಷಯಗಳ ಓದಿನಲ್ಲೂ ಮತ್ತೆ ಮತ್ತೆ ಬರುವ, ಆದರೆ ವೆಸ್ಟ್ ಪಟ್ಟಿಯಲ್ಲಿ ಇಲ್ಲದ ಪದಗಳನ್ನು ಎಣಿಸಿ 2000ರಲ್ಲಿ ಅವರು ಇನ್ನೊಂದು ಪಟ್ಟಿ ಮಾಡಿದರು. ಅದರಲ್ಲಿರುವುದು 570 ಪದಕುಟುಂಬಗಳು. ಕುಟುಂಬ ಅಂದರೆ ಅಸ್ಯೂಮ್, ಅಸ್ಯೂಮ್ಡ್, ಅಸಂಪ್ಶನ್ ಎಲ್ಲ ಸೇರಿ ಒಂದು. ಕಾಲೇಜು ಮಟ್ಟದ ಪುಸ್ತಕಗಳಲ್ಲಿ ಹತ್ತು ಪದಕ್ಕೆ ಹೆಚ್ಚುಕಡಿಮೆ ಒಂದು ಪದ ಈ 570ರಿಂದಲೇ ಬರುತ್ತದೆ.

ಯಾವುವು ಆ ಪದಗಳು? ಅನಲೈಸ್, ಡಿರೈವ್, ಇವ್ಯಾಲ್ಯುಯೇಟ್, ಇಂಡಿಕೇಟ್, ಜಸ್ಟಿಫೈ, ಅಪ್ರಾಕ್ಸಿಮೇಟ್, ಸಫಿಶಿಯೆಂಟ್, ಸಬ್ಸಿಕ್ವೆಂಟ್. ಒಂದಾದರೂ ಅಲಂಕಾರದ ಪದ ಇದೆಯೇ? ಎಲ್ಲವೂ ಕೆಲಸದ ಪದಗಳು. ಬಾಗಿಲಿಗೆ ಕೀಲು ಇದ್ದ ಹಾಗೆ. ಕೀಲು ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಅದಿಲ್ಲದಿದ್ದರೆ ಬಾಗಿಲು ತೆರೆಯುವುದಿಲ್ಲ. ಪಿಯುಸಿಯಲ್ಲಿ ನಮ್ಮನ್ನು ಹೊರಗೆ ನಿಲ್ಲಿಸಿದ್ದು ಇಂಥ ಕೀಲುಗಳೇ.

ಮಕ್ಕಳೇ, ಲೆಕ್ಕ ಮಾಡಿ. ವರ್ಷಕ್ಕೆ 200 ಶಾಲಾ ದಿನ ಅಂತ ಕಡಿಮೆಯೇ ಹಿಡಿಯಿರಿ. 8, 9, 10 ಸೇರಿ 600 ದಿನ. ಬೇಕಾದದ್ದು 570. ದಿನಕ್ಕೆ ಒಂದೇ ಪದ! ಐವತ್ತು ಬೇಡ, ಹತ್ತೂ ಬೇಡ. ಒಂದು. ಈ ಶಾಲೆಯ ಗೇಟು ದಾಟಿ ಹೊರಗೆ ಹೋಗುವಾಗ ನಿಮ್ಮ ಕೈಯಲ್ಲಿ ಪಿಯುಸಿಯ ಪುಸ್ತಕ ತೆರೆಯುವ ಕೀಲಿಕೈ ಇರುತ್ತದೆ.

ಆದರೆ ಪದವನ್ನು ಕಲಿಯುವುದು ಅಂದರೆ ಏನು? ಅದಕ್ಕೆ ದೂರದ ಉದಾಹರಣೆ ಬೇಡ. ನಮ್ಮೂರಿನಲ್ಲೇ ಇದೆ.

ನನ್ನ ಅಜ್ಜಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಆದರೆ ನಾನು ಎದುರು ಮಾತಾಡಿದರೆ "ಎಂಥಾ ಉದ್ಧಟತನ ಮಾರಾಯ ನಿಂದ್, ಕೌರವನ್ ಹಾಂಗೆ" ಅನ್ನುತ್ತಿದ್ದಳು. ಉದ್ಧಟತನ! ಅಪ್ರತಿಮ, ಪ್ರತಿಜ್ಞೆ, ಶರಣಾಗತಿ, ಅವಿವೇಕ ಇವೆಲ್ಲ ಅವಳಿಗೆ ಗೊತ್ತಿದ್ದ ಪದಗಳು. ಯಾವ ನಿಘಂಟು ನೋಡಿದ್ದಳು? ಯಾವ ಪದಪಟ್ಟಿ ಬಾಯಿಪಾಠ ಮಾಡಿದ್ದಳು? ಮಂದಾರ್ತಿ ಮೇಳದ ಆಟ, ಮಾರಣಕಟ್ಟೆ ಮೇಳದ ಆಟ ಅಂತ ಗದ್ದೆಯಲ್ಲಿ ಚಾಪೆ ಹಾಕಿ ಕೂತು ಬೆಳಗಿನವರೆಗೆ ನೋಡಿದ್ದಳು, ಅಷ್ಟೆ. ಇಡೀ ಕರಾವಳಿಯ ಅಕ್ಷರ ಬಾರದ ಜನ ಸಂಸ್ಕೃತ ಭೂಯಿಷ್ಠ ಕನ್ನಡವನ್ನು ಅರ್ಥ ಮಾಡಿಕೊಂಡದ್ದು ಯಕ್ಷಗಾನದಿಂದ.

ಅಲ್ಲಿ ಏನು ನಡೆಯುತ್ತದೆ ನೋಡಿ. ಒಂದನೆಯದು, ಪದ ಒಂಟಿಯಾಗಿ ಬರುವುದಿಲ್ಲ. ಕೌರವ ತೊಡೆ ತಟ್ಟುವಾಗ, ಕಣ್ಣು ಕೆಂಪು ಮಾಡುವಾಗ ಆ ಪದ ಬರುತ್ತದೆ. ಅರ್ಥವನ್ನು ಸನ್ನಿವೇಶವೇ ಹೇಳಿಬಿಡುತ್ತದೆ. ಎರಡನೆಯದು, ಅದೇ ಪದ ಇವತ್ತಿನ ಪ್ರಸಂಗದಲ್ಲಿ ಬಂದದ್ದು ಮುಂದಿನ ವಾರದ ಪ್ರಸಂಗದಲ್ಲಿ ಬೇರೆ ವೇಷದ ಬಾಯಲ್ಲಿ ಮತ್ತೆ ಬರುತ್ತದೆ. ಮೂರನೆಯದು, ಮರುದಿನ ಮಕ್ಕಳು ಹಾಳೆಯ ಕಿರೀಟ ಕಟ್ಟಿಕೊಂಡು ಅಂಗಳದಲ್ಲಿ ಅದೇ ಮಾತನ್ನು ತಾವೇ ಆಡುತ್ತಾರೆ. ಸನ್ನಿವೇಶ, ಮರುಭೇಟಿ, ಸ್ವಂತ ಬಾಯಿ. ಈ ಮೂರು ಇದ್ದರೆ ಯಾವ ಭಾಷೆಯ ಯಾವ ಪದವೂ ಬರುತ್ತದೆ. ಈ ಮೂರೂ ಇಲ್ಲದ್ದು ಪದಪಟ್ಟಿ. ಅದಕ್ಕೇ ಅದು ನನಗೆ ಬರಲಿಲ್ಲ. ಈ ಮೂರನ್ನೂ ಇಂಗ್ಲಿಷಿಗೆ ಹೇಗೆ ಒದಗಿಸುವುದು ಎಂಬುದಷ್ಟೇ ನನ್ನ ಮುಂದಿನ ಮಾತು.

ಮೊದಲು ಸನ್ನಿವೇಶ. ನಮ್ಮ ಇಂಗ್ಲಿಷ್ ಮೇಷ್ಟ್ರು ಬೋರ್ಡಿನ ಮೂಲೆಯಲ್ಲಿ ದಿನಕ್ಕೊಂದು ಪದ ಬರೆಯುತ್ತಿದ್ದರು. ಅರ್ಥ ಹೇಳಿ ಬಿಡುತ್ತಿರಲಿಲ್ಲ, ಆ ಪದ ಹಾಕಿ ಹಟ್ಟಿಯಂಗಡಿಯ ಬಗ್ಗೆ ಒಂದು ವಾಕ್ಯ ಹೇಳಬೇಕಿತ್ತು. ಒಂದು ದಿನ 'ಅಬಂಡಂಟ್' ಅಂತ ಪದ. ಜುಲೈ ತಿಂಗಳು, ಹೊರಗೆ ಧೋ ಅಂತ ಮಳೆ, ವಾರಾಹಿ ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, ಜುಲೈಯಲ್ಲಿ ಹಟ್ಟಿಯಂಗಡಿಯಲ್ಲಿ ನೀರು ಅಬಂಡಂಟ್ ಅಂದಳು. ಮೇಷ್ಟ್ರು ಕೂಡಲೇ, ಹಾಗಾದರೆ ಏಪ್ರಿಲಿನಲ್ಲಿ ಬಾವಿಯ ನೀರು? ಅಂತ ಕೇಳಿ ಪಕ್ಕದಲ್ಲಿ 'ಸ್ಕೇರ್ಸ್' ಅಂತ ಬರೆದರು. ಯಥೇಚ್ಛ, ವಿರಳ. ಇವತ್ತಿಗೂ ಆ ಎರಡು ಪದ ಕೇಳಿದರೆ ನನಗೆ ನಿಘಂಟು ನೆನಪಾಗುವುದಿಲ್ಲ, ಆ ಮಳೆ ನೆನಪಾಗುತ್ತದೆ. ಮೇಷ್ಟ್ರು ಇವತ್ತು ಇಲ್ಲೇ ಕೂತಿದ್ದಾರೆ. ಸಾರ್, ಆಗ ನಾವು ನಿಮ್ಮ ಬೋರ್ಡಿನ ಮೂಲೆ ನೋಡಿ ನಗುತ್ತಿದ್ದೆವು. ಕ್ಷಮಿಸಿ.

ಹಾಗಾಗಿ ಮಕ್ಕಳೇ, ಹೊಸ ಪದ ಸಿಕ್ಕಿದ ಕೂಡಲೇ ಅದರ ಎದುರು ಅರ್ಥ ಬರೆದು ನಿಲ್ಲಿಸಬೇಡಿ. ನಿಮ್ಮ ಮನೆ, ನಿಮ್ಮ ದಾರಿ, ನಿಮ್ಮ ತಮ್ಮ, ನಿಮ್ಮ ದನದ ಬಗ್ಗೆ ಒಂದು ವಾಕ್ಯ ಮಾಡಿ. ವ್ಯಾಕರಣ ತಪ್ಪಿದರೆ ಟೀಚರು ತಿದ್ದುತ್ತಾರೆ. ವಾಕ್ಯ ನಿಮ್ಮದಾಗಿರಬೇಕು.

ಪದ ಒಂಟಿಯಾಗಿ ಇರಬಾರದು ಎಂಬುದನ್ನು ನಿಘಂಟು ಮಾಡಿದವರೂ ಬಲ್ಲರು. ಮಂಗಳೂರಿನ ಬಾಸೆಲ್ ಮಿಷನ್ನಿನಿಂದ 1894ರಲ್ಲಿ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಕಿಟೆಲ್ ಜರ್ಮನಿಯವರು. ಯೋಚಿಸಿ, ಅವರಿಗೆ ಕನ್ನಡವೂ ಮಾತೃಭಾಷೆಯಲ್ಲ, ಇಂಗ್ಲಿಷೂ ಮಾತೃಭಾಷೆಯಲ್ಲ. ಎರಡೂ ಕಲಿತ ಭಾಷೆ. ಅಂಥವರು ಎರಡೂ ಭಾಷೆಯ ನಡುವೆ ಸೇತುವೆ ಕಟ್ಟಿದರು. ಆ ನಿಘಂಟಿನಲ್ಲಿ ಎಷ್ಟೋ ಪದಗಳಿಗೆ ಅರ್ಥದ ಜೊತೆ ಗಾದೆ ಇದೆ, ಪದ ಎಲ್ಲಿ ಹೇಗೆ ಬಳಕೆಯಾಗಿದೆ ಎಂಬ ಉದಾಹರಣೆ ಇದೆ. ಪದದ ಅರ್ಥ ಇರುವುದು ಬಳಕೆಯಲ್ಲಿ ಅಂತ ಅವರಿಗೆ ಗೊತ್ತಿತ್ತು. ನಮ್ಮದು ಕನ್ನಡ ಮಾಧ್ಯಮ, ಇಂಗ್ಲಿಷ್ ನಮಗೆ ದಕ್ಕುವುದಿಲ್ಲ ಅನ್ನುವವರು ಒಮ್ಮೆ ಕಿಟೆಲ್ ಅವರನ್ನು ನೆನೆಯಬೇಕು.

ಕನ್ನಡ ಮಾಧ್ಯಮ ಅಂದೆ. ಅದು ನಿಮಗೆ ಹೊರೆಯಲ್ಲ, ಬಂಡವಾಳ ಎಂಬುದನ್ನು ತೋರಿಸುತ್ತೇನೆ. ವಿಜ್ಞಾನದ ಇಂಗ್ಲಿಷ್ ಪದಗಳು ಬಹಳಷ್ಟು ಗ್ರೀಕ್ ಮತ್ತು ಲ್ಯಾಟಿನ್ ತುಂಡುಗಳಿಂದ ಕಟ್ಟಿದವು. ನಮ್ಮ ಪುಸ್ತಕದ ವಿಜ್ಞಾನದ ಪದಗಳು ಸಂಸ್ಕೃತದ ತುಂಡುಗಳಿಂದ ಕಟ್ಟಿದವು. ಕಟ್ಟಿದ ರೀತಿ ಮಾತ್ರ ಒಂದೇ. ಟೆಲಿಸ್ಕೋಪ್ ಅಂದರೆ ದೂರದರ್ಶಕ. ಟೆಲಿ ಅಂದರೆ ದೂರ, ಸ್ಕೋಪ್ ಅಂದರೆ ನೋಡುವುದು. ಮೈಕ್ರೋಸ್ಕೋಪ್ ಅಂದರೆ ಸೂಕ್ಷ್ಮದರ್ಶಕ. ಮೈಕ್ರೋ ಅಂದರೆ ಸೂಕ್ಷ್ಮ. ಟೆಲಿಫೋನ್ ದೂರವಾಣಿ. ಫೋಟೋಸಿಂಥೆಸಿಸ್ ದ್ಯುತಿಸಂಶ್ಲೇಷಣೆ. ಫೋಟೋ ಅಂದರೆ ಬೆಳಕು, ದ್ಯುತಿ ಅಂದರೂ ಬೆಳಕು. ಸಿಂಥೆಸಿಸ್ ಅಂದರೆ ಕೂಡಿಸುವುದು, ಸಂಶ್ಲೇಷಣೆಯೂ ಅದೇ. ಟ್ರಿಗೊನೊಮೆಟ್ರಿ ಎಂಬ ಹೆದರಿಸುವ ಪದವನ್ನು ಮೂರು ತುಂಡು ಮಾಡಿ: ಟ್ರಿ, ಗೊನೊ, ಮೆಟ್ರಿ. ತ್ರಿ, ಕೋನ, ಮಿತಿ. ಆಯಿತಲ್ಲ! ಪಾಲಿನೋಮಿಯಲ್‌ನ ಪಾಲಿ ಅಂದರೆ ಬಹು. ಬಹುಪದೋಕ್ತಿ ನಿಮಗೆ ಗೊತ್ತೇ ಇದೆ.

ಕೆಲವು ತುಂಡುಗಳಂತೂ ನೆಂಟರೇ. ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್ ಭಾಷೆಗಳಿಗೂ ಒಂದೇ ಮೂಲ ಇರಬೇಕು ಅಂತ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಭಾಷಣ ಮಾಡಿದ್ದ. ಕನ್ನಡದ ಕುಟುಂಬ ಬೇರೆ. ಆದರೆ ಕನ್ನಡ ಸಂಸ್ಕೃತದಿಂದ ಪಡೆದ ಪದಗಳ ಮೂಲಕ ಆ ನೆಂಟಸ್ತಿಕೆ ನಮಗೂ ಬಂದಿದೆ. ದಂತ ಮತ್ತು ಡೆಂಟಿಸ್ಟ್. ಪಾದ ಮತ್ತು ಪೆಡಲ್. ದಶ ಮತ್ತು ಡೆಸಿಮಲ್. ನಾಮ ಮತ್ತು ನೇಮ್. ಪರಿಧಿಯ ಪರಿ, ಪೆರಿಮೀಟರಿನ ಪೆರಿ, ಎರಡಕ್ಕೂ ಸುತ್ತ ಅಂತಲೇ ಅರ್ಥ. ಇಂಗ್ಲಿಷ್ ಮಾಧ್ಯಮದ ಮಗುವಿಗೆ ಫೋಟೋಸಿಂಥೆಸಿಸ್ ಒಂದು ಉದ್ದದ ಶಬ್ದ, ಅಷ್ಟೆ. ನಿಮಗೆ ಅದರ ಒಳಗೆ ಇಳಿಯುವ ಬಾಗಿಲು ಕನ್ನಡದಲ್ಲಿ ಮೊದಲೇ ತೆರೆದಿದೆ. ಆದ್ದರಿಂದ ಕನ್ನಡದ ಪಾರಿಭಾಷಿಕ ಪದವನ್ನು ಮರೆಯಬೇಡಿ. ನೋಟ್ ಪುಸ್ತಕದಲ್ಲಿ ಎರಡನ್ನೂ ಪಕ್ಕಪಕ್ಕ ಬರೆದು, ತುಂಡು ತುಂಡಾಗಿ ಹೊಂದಿಸಿ ನೋಡಿ. ಎಲ್ಲ ಪದವೂ ಹೀಗೆ ತುಂಡಾಗುವುದಿಲ್ಲ. ಆದದ್ದು ಮಾತ್ರ ಮತ್ತೆ ಮರೆಯುವುದಿಲ್ಲ.

ಕುಂದಾಪ್ರ ಕನ್ನಡದ ಬಗ್ಗೆಯೂ ಒಂದು ಮಾತು. ಬೆಂಗಳೂರಿಗೆ ಹೋದ ಹೊಸತರಲ್ಲಿ ಬಾಯಿ ತೆರೆಯಲು ನನಗೆ ನಾಚಿಕೆ ಆಗುತ್ತಿತ್ತು. ಈಗ ಅನಿಸುವುದೇ ಬೇರೆ. ಶಬ್ದಸಂಪತ್ತು ಅಂದರೆ ಉದ್ದ ಶಬ್ದಗಳ ರಾಶಿಯಲ್ಲ, ವ್ಯತ್ಯಾಸ ಗುರುತಿಸುವ ಶಕ್ತಿ. ಇಂಗ್ಲಿಷಿನವನಿಗೆ ಎಲ್ಲವೂ ರೈಸ್. ನಮಗೆ ಭತ್ತ ಬೇರೆ, ಅಕ್ಕಿ ಬೇರೆ, ಅನ್ನ ಬೇರೆ. ಅವನಿಗೆ ಪ್ಯಾಡಿ ಫೀಲ್ಡ್ ಅಂದರೆ ಮುಗಿಯಿತು. ನಮ್ಮ ಹಿರಿಯರಿಗೆ ಬೈಲು, ಮಜಲು, ಬೆಟ್ಟು ಅಂತ ನೀರಿನ ಲೆಕ್ಕದಲ್ಲಿ ಮೂರು ಬಗೆಯ ಗದ್ದೆ. ಬೊಂಡ, ಬನ್ನಂಗಾಯಿ, ಕಾಯಿ, ಕೊಬ್ಬರಿ ಅಂತ ಒಂದೇ ಫಲಕ್ಕೆ ವಯಸ್ಸಿಗೆ ತಕ್ಕ ಹೆಸರು. ಈ ವ್ಯತ್ಯಾಸ ಬಲ್ಲ ಮಗುವಿಗೆ ಇಂಗ್ಲಿಷಿನಲ್ಲಿ ಸೀ ಬೇರೆ, ವಾಚ್ ಬೇರೆ, ಅಬ್ಸರ್ವ್ ಬೇರೆ ಎಂಬುದು ತಿಳಿಯದೆ? ಹೊಳೆ ಕಂಡಿತು ಅಂದರೆ ಸೀ. ದಡದಲ್ಲಿ ಕೂತು ದೋಣಿ ಹೋಗುವುದನ್ನು ನೋಡುತ್ತಿದ್ದೆ ಅಂದರೆ ವಾಚ್. ದಿನಾ ಒಂದೇ ಹೊತ್ತಿಗೆ ಹೋಗಿ ನೀರು ಎಷ್ಟು ಏರಿತು ಅಂತ ಗಮನಿಸಿ ಬರೆದರೆ ಅಬ್ಸರ್ವ್. ಉನ್ನತ ಪದ ಅಂದರೆ ಇಷ್ಟೇ, ಹೆಚ್ಚು ನಿಖರವಾದ ಪದ.

ಇನ್ನು ಮರುಭೇಟಿ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ತನ್ನ ಮೇಲೆ ತಾನೇ ಪ್ರಯೋಗ ಮಾಡಿ 1885ರಲ್ಲಿ ನೆನಪಿನ ಬಗ್ಗೆ ಒಂದು ಪುಸ್ತಕ ಬರೆದ. ಕಲಿತದ್ದು ಮರೆಯುವುದು ಮೊದಲ ಕೆಲವು ಗಂಟೆ, ಕೆಲವು ದಿನಗಳಲ್ಲೇ ಹೆಚ್ಚು. ಆಮೇಲೆ ಮರೆವಿನ ವೇಗ ಕಡಿಮೆಯಾಗುತ್ತದೆ. ಹಾಗಾಗಿ ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೊಮ್ಮೆ ನೆನಪಿಸಿಕೊಂಡರೆ ಪದ ಗಟ್ಟಿಯಾಗುತ್ತದೆ. ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ 1970ರ ದಶಕದಲ್ಲಿ ಇದಕ್ಕೆ ಒಂದು ಪೆಟ್ಟಿಗೆಯ ಉಪಾಯ ಮಾಡಿದ. ಇವತ್ತು ಮೊಬೈಲಿನಲ್ಲಿ ಇದೇ ಕೆಲಸ ಮಾಡುವ ಆ್ಯಪ್‌ಗಳಿವೆ. ಆದರೆ ಮೊಬೈಲ್ ಬೇಡ, ಆ ಪೆಟ್ಟಿಗೆಯೇ ಸಾಕು. ಸಾಫ್ಟ್‌ವೇರಿನವನೇ ಹೇಳುತ್ತಿದ್ದೇನೆ, ನಂಬಿ.

ನಿಮ್ಮೆಲ್ಲರ ಮನೆಯಲ್ಲಿ ಮದುವೆ ಕಾಗದಗಳ ರಾಶಿ ಇರುತ್ತದೆ. ದಪ್ಪ ಕಾಗದ, ಹಿಂಬದಿ ಖಾಲಿ. ಒಂದು ಕಾಗದದಲ್ಲಿ ನಾಲ್ಕು ಚೀಟಿ ಕತ್ತರಿಸಿ ಖಾಲಿ ಬದಿಯನ್ನು ಹೊರಗೆ ಮಾಡಿ ಎರಡೆರಡನ್ನು ಅಂಟಿಸಿ. ಒಂದು ಬದಿಗೆ ಪದ. ಇನ್ನೊಂದು ಬದಿಗೆ ಕನ್ನಡದ ಅರ್ಥ ಮತ್ತು ನಿಮ್ಮ ಊರಿನ ವಾಕ್ಯ. ಚಪ್ಪಲಿ ಡಬ್ಬಿಯಲ್ಲಿ ರಟ್ಟು ಇಟ್ಟು ಐದು ಖಾನೆ ಮಾಡಿ. ಹೊಸ ಚೀಟಿ ಮೊದಲನೇ ಖಾನೆಗೆ. ಮೊದಲನೇ ಖಾನೆಯನ್ನು ದಿನಾ ನೋಡಬೇಕು. ಅರ್ಥ ಮತ್ತು ವಾಕ್ಯ ನೆನಪಾಯಿತೋ, ಚೀಟಿ ಎರಡನೇ ಖಾನೆಗೆ. ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ. ಯಾವ ಖಾನೆಯಲ್ಲಿ ಮರೆತರೂ ಚೀಟಿ ವಾಪಸ್ ಮೊದಲನೆಯದಕ್ಕೆ. ಹಾವು ಏಣಿ ಆಟದ ಹಾಗೆ. ದಿನಕ್ಕೆ ಹತ್ತು ನಿಮಿಷ ಸಾಕು. ಬಿ.ಇ. ಮೂರನೇ ವರ್ಷದಿಂದ ನಾನು ಇದನ್ನೇ ಮಾಡಿದ್ದು. ಇಟ್ಟಿಗೆಯಂಥ ಪುಸ್ತಕದಿಂದ ಆಗದ ಕೆಲಸ ಚಪ್ಪಲಿ ಡಬ್ಬಿಯಿಂದ ಆಯಿತು.

ಕೊನೆಯದು ಸ್ವಂತ ಬಾಯಿ. ಇದು ಮಕ್ಕಳಿಗಿಂತ ಹೆಚ್ಚಾಗಿ ದೊಡ್ಡವರಿಗೆ ಹೇಳುವ ಮಾತು. ಪಿಯುಸಿಯಲ್ಲಿ ನನಗೂ ನನ್ನ ಗೆಳೆಯನಿಗೂ ಆ ಪದದ ಅರ್ಥ ಕೇಳುವ ಅವಕಾಶ ಇರಲಿಲ್ಲವೇ? ಇತ್ತು. ಪಾಠ ಮಾಡುವಾಗ ಹತ್ತು ಸಲ ಆ ಪದ ಬಂದಿರಬಹುದು. ನಾವು ಕೇಳಲಿಲ್ಲ. ಕೈ ಎತ್ತಿದರೆ ಉಳಿದವರು ನಗುತ್ತಾರೆ ಅಂತ. ಪದ ಗೊತ್ತಿಲ್ಲದ್ದಕ್ಕಿಂತ ಆ ಹೆದರಿಕೆಯೇ ನಮಗೆ ಹೆಚ್ಚು ನಷ್ಟ ಮಾಡಿತು. ಮಗು ಮೊದಲ ಸಲ ಕಿರೀಟ ಕಟ್ಟಿ ಅಂಗಳದಲ್ಲಿ ತಪ್ಪು ತಪ್ಪಾಗಿ ಅರ್ಥ ಹೇಳುವಾಗ ನಾವು ನಕ್ಕು ಬಾಯಿ ಮುಚ್ಚಿಸುತ್ತೇವೆಯೇ? ಇಲ್ಲ, ಇನ್ನೊಮ್ಮೆ ಹೇಳು ಅನ್ನುತ್ತೇವೆ. ಇಂಗ್ಲಿಷಿಗೂ ಅದೇ ಅಂಗಳ ಬೇಕು. ಮನೆಯಲ್ಲಿ ತಾಯಿಗೆ ಇಂಗ್ಲಿಷ್ ಬರಬೇಕಾಗಿಲ್ಲ. ಇವತ್ತು ಶಾಲೆಯಲ್ಲಿ ಯಾವ ಪದ ಕಲಿತೆ, ನಂಗೂ ಒಂದು ಹೇಳು ಅಂತ ಕೇಳಿದರೆ ಸಾಕು. ತಾಯಿಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ವಿವರಿಸಿದ ಮಗು ಆ ಪದವನ್ನು ಗೆದ್ದುಕೊಂಡ ಹಾಗೆ.

ಕನ್ನಡಕ್ಕೆ ಇದರಿಂದ ಪೆಟ್ಟಾಗುತ್ತದೆಯೇ ಅಂತ ಹಿರಿಯರೊಬ್ಬರು ಬೆಳಿಗ್ಗೆ ಕೇಳಿದರು. ಯಕ್ಷಗಾನದ ಮಾತಿನಲ್ಲಿ ಒಂದು ಇಂಗ್ಲಿಷ್ ಪದ ನುಸುಳಿದರೂ ನಮಗೆ ಕಸಿವಿಸಿ ಆಗುತ್ತದೆ. ಆ ಕಿವಿ ನಮಗೆ ಇರುವವರೆಗೆ ಭಯ ಬೇಡ. ಎಲ್ಲಿ ಯಾವ ಭಾಷೆ ಎಂಬ ವಿವೇಕ ಇದ್ದರೆ ಎರಡೂ ಉಳಿಯುತ್ತವೆ. ಒಂದು ಭಾಷೆಯಲ್ಲಿ ನಿಖರವಾಗಿ ಮಾತಾಡಬಲ್ಲವನು ಇನ್ನೊಂದರಲ್ಲೂ ನಿಖರತೆಯನ್ನೇ ಹುಡುಕುತ್ತಾನೆ.

ನಮ್ಮ ಬ್ಯಾಚಿನವರು ಸೇರಿ ಒಂದು ಸಣ್ಣ ನಿರ್ಧಾರ ಮಾಡಿದ್ದೇವೆ. 8, 9, 10 ಮೂರೂ ತರಗತಿಗೆ ಇಂಗ್ಲಿಷ್-ಕನ್ನಡ ನಿಘಂಟುಗಳನ್ನು ಕೊಡುತ್ತೇವೆ. ಬೀರುವಿನಲ್ಲಿ ಬೀಗ ಹಾಕಿ ಇಡಲಿಕ್ಕಲ್ಲ, ಕಿಟಕಿಯ ಪಕ್ಕ ಇಡಲಿಕ್ಕೆ. ಹರಿದುಹೋದರೆ ಇನ್ನೊಂದು ಕೊಡುತ್ತೇವೆ, ಹರಿಯದಿದ್ದರೆ ಬೇಸರ ಮಾಡಿಕೊಳ್ಳುತ್ತೇವೆ. ಬೋರ್ಡಿನ ಮೂಲೆಯ ಪದ ಮತ್ತೆ ಶುರುವಾಗಲಿ ಅಂತ ಶಿಕ್ಷಕರಲ್ಲಿ ನಮ್ಮ ಪ್ರಾರ್ಥನೆ. ಶುಕ್ರವಾರ ಸಂಜೆ ಅರ್ಧ ಗಂಟೆ, ವಾರದ ಐದು ಪದ ಬಳಸಿ ಮಕ್ಕಳೇ ಒಂದು ಪುಟ್ಟ ಸಂಭಾಷಣೆ ಆಡಿ ತೋರಿಸಲಿ. ರಜೆಗೆ ಊರಿಗೆ ಬಂದ ಹಳೆ ವಿದ್ಯಾರ್ಥಿಗಳು ಬಂದು ಕೂತು ನೋಡೋಣ.

ಗೆಳೆಯ ಕೇಳಿದ ದೊಡ್ಡ ಪದಗಳ ಪುಸ್ತಕ ನಾನು ತಂದಿಲ್ಲ. ಅವನ ಮಗಳಿಗೆ ಒಂದು ಚಪ್ಪಲಿ ಡಬ್ಬಿ ತಂದಿದ್ದೇನೆ. ಐದು ಖಾನೆ ಮಾಡಿದ್ದೇನೆ. ಒಳಗೆ ಖಾಲಿ ಚೀಟಿಗಳಿವೆ. ಒಂದು ಚೀಟಿಯಲ್ಲಿ ಮಾತ್ರ 'ನೆಗ್ಲಿಜಿಬಲ್' ಅಂತ ಬರೆದಿದ್ದೇನೆ. ಹಿಂಬದಿಯಲ್ಲಿ ಅರ್ಥ ಇದೆ, ವಾಕ್ಯದ ಜಾಗ ಖಾಲಿ ಬಿಟ್ಟಿದ್ದೇನೆ. ಅದನ್ನು ಅವಳು ಬರೆಯಬೇಕು. ಬರೆದು ಮೊದಲು ಅವಳ ಅಪ್ಪನಿಗೆ ಓದಿ ಹೇಳಬೇಕು.